ಗ್ರಾಮೀಣ ಪದವಿ ಕಾಲೇಜಿನಲ್ಲಿ ಬರವಣಿಗೆ ಕಲಿಸುವ ಕ್ರಮ: ಒಂದು ಸೆಮಿಸ್ಟರಿನ ಸಮಗ್ರ ಮಾರ್ಗದರ್ಶಿ

ತಾಲ್ಲೂಕು ಕೇಂದ್ರಗಳ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿಗೆ ಹೊಸದಾಗಿ ಬಂದ ಕನ್ನಡ ಉಪನ್ಯಾಸಕರು, ಅದರಲ್ಲೂ ಅತಿಥಿ ಉಪನ್ಯಾಸಕರು, ಮೊದಲ ತಿಂಗಳಿನಲ್ಲಿಯೇ ಒಂದೇ ದೂರನ್ನು ಹೇಳತೊಡಗುತ್ತಾರೆ. ಪ್ರಬಂಧ ಬರೆಯಿಸಿದರೆ ಎಪ್ಪತ್ತು ಪುಸ್ತಕಗಳಲ್ಲಿಯೂ ಒಂದೇ ಹತ್ತು ವಾಕ್ಯಗಳಿರುತ್ತವೆ. ತಿದ್ದಿ ಕೊಟ್ಟರೆ ಮುಂದಿನ ವಾರ ಅವೇ ತಪ್ಪುಗಳು ಮರಳಿ ಬರುತ್ತವೆ. ನಾಲ್ಕನೆಯ ವಾರದ ಹೊತ್ತಿಗೆ ಅರ್ಧ ತರಗತಿ ಪುಸ್ತಕ ತರುವುದನ್ನೇ ಬಿಟ್ಟಿರುತ್ತದೆ. ಇದನ್ನು ವಿದ್ಯಾರ್ಥಿಗಳ ಸೋಮಾರಿತನವೆಂದೋ ಪ್ರೌಢಶಾಲೆಯ ತಪ್ಪೆಂದೋ ಬಗೆದು ಕೈಚೆಲ್ಲುವವರೇ ಹೆಚ್ಚು. ನಾನು ಕಂಡಂತೆ ದೋಷವಿರುವುದು ಕ್ರಮದಲ್ಲಿ. ಕಾಗುಣಿತ ತಿದ್ದುವುದರಿಂದ ಹೊರಟು, ಅನಂತರ ವಾಕ್ಯ, ಕೊನೆಗೆ ವಿಷಯ ಎಂದು ಸಾಗುವುದು ನಮ್ಮಲ್ಲಿ ರೂಢಿಯಾಗಿದೆ. ಹನ್ನೆರಡು ವರ್ಷ ಬೋರ್ಡಿನಿಂದ ಮತ್ತು ಗೈಡಿನಿಂದ ಉತ್ತರ ಇಳಿಸಿಕೊಂಡು ಬಂದವರಿಗೆ, ಸ್ವಂತ ವಾಕ್ಯವೊಂದು ಹುಟ್ಟುವುದಕ್ಕೆ ಮೊದಲೇ ತಿದ್ದುಪಡಿ ಎದುರಾದರೆ ಆ ವಾಕ್ಯ ಹುಟ್ಟುವುದೇ ಇಲ್ಲ. ಆದ್ದರಿಂದ ಇಲ್ಲಿ ಹೇಳಿರುವ ಕ್ರಮ ಇದಕ್ಕೆ ತಿರುಗುಮುರುಗಾಗಿದೆ: ಮೊದಲು ಮಾತು, ಅನಂತರ ಮಾತಿನಂತೆಯೇ ಬರಹ, ಅನಂತರ ಗ್ರಾಂಥಿಕ ರೂಪ, ವಾಕ್ಯ, ಪರಿಚ್ಛೇದ, ಅರ್ಜಿ, ಕಟ್ಟಕಡೆಗೆ ಕಾಗುಣಿತ.

ಆರಂಭಿಸುವ ಮೊದಲು: ಸಮಯ ಮತ್ತು ಸಾಮಗ್ರಿ

ಭಾಷಾ ಪಾಠಕ್ಕೆ ವಾರಕ್ಕೆ ಸಿಗುವ ತಾಸುಗಳಲ್ಲಿ ಒಂದನ್ನು ಬರವಣಿಗೆಗೆ ಮೀಸಲಿಡಬೇಕು, ಮತ್ತು ಅದು ಪ್ರತಿ ವಾರ ಅದೇ ದಿನ ಅದೇ ತಾಸಾಗಿರಬೇಕು. ರಜೆ, ಪರೀಕ್ಷೆ, ಜಾತ್ರೆ, ಸುಗ್ಗಿ ಎಲ್ಲವನ್ನೂ ಕಳೆದರೆ ಒಂದು ಸೆಮಿಸ್ಟರಿನಲ್ಲಿ ಹನ್ನೆರಡು ತಾಸು ಕೈಗೆ ದಕ್ಕುತ್ತದೆ. ಯೋಜನೆಯನ್ನು ಅಷ್ಟಕ್ಕೇ ಮಾಡಿಕೊಳ್ಳುವುದು ಕ್ಷೇಮ. ಮಧ್ಯಾಹ್ನದ ಕೊನೆಯ ತಾಸನ್ನು ಆರಿಸಿಕೊಳ್ಳಬಾರದು. ಮೂರೂವರೆಯ ಬಸ್ಸು ತಪ್ಪಿದರೆ ಆರು ಗಂಟೆಯವರೆಗೆ ಬೇರೆ ಬಸ್ಸಿಲ್ಲದ ಊರಿನ ಹುಡುಗಿಯ ಲಕ್ಷ್ಯವೆಲ್ಲ ಕಿಟಕಿಯ ಕಡೆಗೇ ಇರುತ್ತದೆ.

ವಿದ್ಯಾರ್ಥಿಯೊಬ್ಬರಿಗೆ ನೂರು ಪುಟದ ಗೆರೆ ಹಾಕಿದ ಒಂದು ನೋಟ್‌ಪುಸ್ತಕ ಸಾಕು. ಬಿಡಿ ಹಾಳೆಗಳನ್ನು ಎಂದಿಗೂ ಒಪ್ಪಿಕೊಳ್ಳಬಾರದು, ಏಕೆಂದರೆ ಎರಡನೆಯ ತಿಂಗಳಿನಲ್ಲಿ ಮೊದಲ ವಾರದ ಬರಹವನ್ನು ತೆರೆದು ನೋಡುವ ಅವಶ್ಯಕತೆ ಬರುತ್ತದೆ. ಬಲಗಡೆಯ ಪುಟದಲ್ಲಿ ಮಾತ್ರ ಬರೆಯಬೇಕು. ಎಡಗಡೆಯ ಪುಟ ಮರುಬರಹಕ್ಕೆ ಖಾಲಿ ಇರಬೇಕು. ತರಗತಿಗೆ ಕನ್ನಡ ಸಾಹಿತ್ಯ ಪರಿಷತ್ತಿನ ಸಂಕ್ಷಿಪ್ತ ನಿಘಂಟಿನ ಒಂದು ಪ್ರತಿ, ಹಳೆಯ ದಿನಪತ್ರಿಕೆಗಳ ಒಂದು ಕಟ್ಟು, ಎರಡು ಕತ್ತರಿ ಇದ್ದರೆ ಕೆಲಸ ನಡೆಯುತ್ತದೆ. ಉಪನ್ಯಾಸಕರ ಕೈಯಲ್ಲಿ ಪೆನ್ಸಿಲ್ ಇರಲಿ, ಕೆಂಪು ಶಾಯಿಯ ಪೆನ್ನು ಬೇಡ. ನನ್ನ ಮೊದಲ ವರ್ಷ ನಾನು ಎಲ್ಲ ಪುಸ್ತಕಗಳನ್ನೂ ಕೆಂಪು ಶಾಯಿಯಲ್ಲಿ ಶ್ರದ್ಧೆಯಿಂದ ತಿದ್ದಿ ಕೊಟ್ಟೆ. ಮುಂದಿನ ವಾರ ಒಂದು ಪುಟ ಬರೆಯುತ್ತಿದ್ದವರು ಅರ್ಧ ಪುಟಕ್ಕೆ ಇಳಿದರು, ಮತ್ತು ಆ ಅರ್ಧ ಪುಟದಲ್ಲಿ ತಪ್ಪಾಗುವ ಸಂಭವವಿದ್ದ ಒಂದು ಪದವೂ ಇರಲಿಲ್ಲ. ಅವರು ನನ್ನಿಂದ ಕಲಿತದ್ದು ತಪ್ಪಿಸಿಕೊಳ್ಳುವ ವಿದ್ಯೆಯನ್ನು ಮಾತ್ರ.

ಹಂತ 1: ತರಗತಿಯ ಸ್ಥಿತಿಯನ್ನು ತಿಳಿಯುವುದು (ಮೊದಲ ತಾಸು)

ಮೊದಲ ತಾಸಿನಲ್ಲಿ ಏನನ್ನೂ ಕಲಿಸಬಾರದು. "ಈ ದಿನ ಬೆಳಿಗ್ಗೆ ಎದ್ದಾಗಿನಿಂದ ಕಾಲೇಜಿನ ಗೇಟು ದಾಟುವವರೆಗೆ ಏನೇನಾಯಿತು" ಎಂಬ ಒಂದೇ ಪ್ರಶ್ನೆಯನ್ನು ಬೋರ್ಡಿನ ಮೇಲೆ ಬರೆದು, ಇಪ್ಪತ್ತು ನಿಮಿಷ ಕೊಟ್ಟು, ಅಂಕವಿಲ್ಲ ಎಂದು ಸ್ಪಷ್ಟವಾಗಿ ಹೇಳಿ ಬರೆಯಿಸಬೇಕು. ಗೈಡಿನಲ್ಲಿ ಉತ್ತರ ಸಿಗದ ಪ್ರಶ್ನೆ ಎಂಬುದೇ ಇದರ ಉಪಯೋಗ.

ಪುಸ್ತಕಗಳನ್ನು ಮನೆಗೆ ಒಯ್ದು, ತಿದ್ದದೆ, ಮೂರು ಕಟ್ಟುಗಳಾಗಿ ವಿಂಗಡಿಸಬೇಕು. ಒತ್ತಕ್ಷರ ಮತ್ತು ದೀರ್ಘಗಳಲ್ಲಿಯೇ ತಡವರಿಸಿ ನಾಲ್ಕೈದು ಸಾಲಿಗೆ ನಿಂತವರದು ಒಂದು ಕಟ್ಟು. ಕೈಬರಹ ದುಂಡಾಗಿದ್ದು, ಕಾಗುಣಿತವೂ ಸರಿಯಿದ್ದು, "ಮುಂಜಾನೆ ಬೇಗ ಏಳುವುದು ಆರೋಗ್ಯಕ್ಕೆ ಒಳ್ಳೆಯದು" ಎಂಬಂಥ ಕಂಠಪಾಠದ ವಾಕ್ಯಗಳನ್ನೇ ಪೋಣಿಸಿದವರದು ಎರಡನೆಯದು. ತಪ್ಪುಗಳ ನಡುವೆಯೂ ನಡೆದದ್ದನ್ನು ಹೇಳಿದವರದು ಮೂರನೆಯದು. ಹೊಸಬರು ಮಾಡುವ ದೊಡ್ಡ ತಪ್ಪೆಂದರೆ ಎರಡನೆಯ ಕಟ್ಟಿನವರನ್ನು ಜಾಣರೆಂದು ಎಣಿಸುವುದು. ಅವರಿಗೇ ಹೆಚ್ಚು ಕೆಲಸ ಬೇಕಾಗುತ್ತದೆ, ಏಕೆಂದರೆ ಹೊಗಳಿಕೆ ತಂದುಕೊಟ್ಟ ಅಭ್ಯಾಸವನ್ನು ಅವರು ಬಿಡಬೇಕಾಗಿದೆ.

ಮೊದಲ ಕಟ್ಟಿನವರು ಸಾಮಾನ್ಯವಾಗಿ ತರಗತಿಗೆ ಆರೇಳು ಮಂದಿ ಇರುತ್ತಾರೆ. ಇವರನ್ನು ಎದ್ದು ನಿಲ್ಲಿಸಿ ಓದಿಸಬಾರದು. ವಾರಕ್ಕೆ ಎರಡು ಸಲ, ಊಟದ ಬಿಡುವಿನಲ್ಲಿ ಹದಿನೈದು ನಿಮಿಷ ಗ್ರಂಥಾಲಯದಲ್ಲಿ ಕೂರಿಸಿ, ದಿನಪತ್ರಿಕೆಯ ತಲೆಬರಹಗಳನ್ನು ಉಕ್ತಲೇಖನ ಮಾಡಿಸಿದರೆ ಎರಡು ತಿಂಗಳಿನಲ್ಲಿ ಒತ್ತಕ್ಷರಗಳು ಹಿಡಿತಕ್ಕೆ ಬರುತ್ತವೆ.

ಹಂತ 2: ಮಾತನ್ನು ಕಾಗದಕ್ಕೆ ಇಳಿಸುವುದು (ಎರಡು ಮತ್ತು ಮೂರನೆಯ ತಾಸು)

ವಿದ್ಯಾರ್ಥಿಗಳನ್ನು ಇಬ್ಬಿಬ್ಬರಾಗಿ ಕೂರಿಸಿ, ಒಬ್ಬರು ಮೂರು ನಿಮಿಷ ಮಾತಾಡಬೇಕು, ಇನ್ನೊಬ್ಬರು ಕೇಳಿಸಿಕೊಂಡದ್ದನ್ನು ಮಾತಾಡಿದಂತೆಯೇ ಬರೆಯಬೇಕು. ವಿಷಯ ಕೈಕೆಲಸಕ್ಕೆ ಸಂಬಂಧಿಸಿರಲಿ: ಹಾಲಿನ ಡೇರಿಯಲ್ಲಿ ಬೆಳಗಿನ ಸರದಿ, ಕುರಿ ಮೇಯಿಸುವುದು, ಬೋರ್‌ವೆಲ್ ಮೋಟಾರು ಸುಟ್ಟುಹೋದ ದಿನ, ಹೊಲಿಗೆ ಯಂತ್ರ, ಗ್ಯಾರೇಜು. ಮೊಬೈಲಿದ್ದವರು ಧ್ವನಿಮುದ್ರಣ ಮಾಡಿಕೊಂಡು ಮತ್ತೆ ಕೇಳಿ ಬರೆಯಬಹುದು. ಈ ಹಂತದಲ್ಲಿ ಮೊಬೈಲು ಉಪಕಾರಿ.

ಬ್ಯಾಡಗಿ ಸುತ್ತಿನ ಹಳ್ಳಿಯಿಂದ ಬರುತ್ತಿದ್ದ ಒಬ್ಬ ವಿದ್ಯಾರ್ಥಿ 'ರೈತನ ಸಮಸ್ಯೆಗಳು' ಎಂಬ ವಿಷಯಕ್ಕೆ ಮೊದಲು ಬರೆದುಕೊಟ್ಟದ್ದು ಹೀಗಿತ್ತು: "ಭಾರತವು ಕೃಷಿ ಪ್ರಧಾನ ದೇಶವಾಗಿದೆ. ರೈತನು ದೇಶದ ಬೆನ್ನೆಲುಬು. ಇಂದಿನ ದಿನಗಳಲ್ಲಿ ರೈತರು ಅನೇಕ ಸಮಸ್ಯೆಗಳನ್ನು ಎದುರಿಸುತ್ತಿದ್ದಾನೆ." ಪುಸ್ತಕ ಮುಚ್ಚಿಸಿ, ಮನೆಯಲ್ಲಿ ಏನು ಬೆಳೆಯುತ್ತೀರಿ ಎಂದು ಕೇಳಿದಾಗ ಆತ ಹೇಳಿದ್ದು: "ಕಾಯಿ ಕಣದಾಗ ಹಾಕಿದ ಮ್ಯಾಲೆ ಮಾಡ ಆತು ಅಂದ್ರ ಅಪ್ಪಗ ನಿದ್ದಿ ಬರಂಗಿಲ್ರಿ. ರಾತ್ರಿ ಎದ್ದೆದ್ದು ತಾಡಪಾಲ ಎಳೀತಾನ. ತೊಯ್ತು ಅಂದ್ರ ಬಣ್ಣ ಹೋಗತೈತಿ, ಪ್ಯಾಟ್ಯಾಗ ಅರ್ಧಾ ರೇಟಿಗೂ ಯಾರೂ ಕೇಳಂಗಿಲ್ಲ." ಪ್ರಬಂಧಕ್ಕೆ ಬೇಕಾದದ್ದೆಲ್ಲ ಎರಡನೆಯದರಲ್ಲಿಯೇ ಇದೆ: ಕಾರಣವಿದೆ, ಪರಿಣಾಮವಿದೆ, ರಾತ್ರಿಯಿದೆ, ದರವಿದೆ. ಅದನ್ನು ಹಾಗೆಯೇ ಬರೆಯಲು ಹೇಳಿದಾಗ ಆತ ಅನುಮಾನಿಸಿದ. "ಹಿಂಗ ಬರದ್ರ ನಡೀತೈತೇನ್ರಿ ಸರ್?" ಎಂದು ಎರಡು ಸಲ ಕೇಳಿ ಖಚಿತಪಡಿಸಿಕೊಂಡ ಮೇಲೆಯೇ ಪೆನ್ನು ತೆಗೆದದ್ದು.

ಈ ಹಂತದ ಎಚ್ಚರಿಕೆಯ ಲಕ್ಷಣವೆಂದರೆ, ಮಾತಾಡಿದಂತೆ ಬರೆಯಿರಿ ಎಂದರೂ ಕಾಗದದ ಮೇಲೆ "ಆಗಿದೆ", "ಆಗಿರುತ್ತದೆ" ಎಂಬ ಕ್ರಿಯಾಪದಗಳೇ ಕಾಣಿಸಿಕೊಳ್ಳುವುದು. ಹಾಗೆ ಕಂಡರೆ ಬರೆದವರು ಕೇಳಿಸಿಕೊಂಡಿಲ್ಲ, ತಮ್ಮ ತಲೆಯೊಳಗಿನ ಗೈಡಿನಿಂದ ಬರೆದಿದ್ದಾರೆ ಎಂದರ್ಥ. ಅಂಥ ಜೋಡಿಗೆ ಮುಂದಿನ ಹಂತವನ್ನು ತೋರಿಸದೆ ಇದನ್ನೇ ಇನ್ನೊಮ್ಮೆ ಮಾಡಿಸಬೇಕು.

ಹಂತ 3: ಆಡುಮಾತಿನಿಂದ ಗ್ರಾಂಥಿಕ ರೂಪಕ್ಕೆ (ನಾಲ್ಕು ಮತ್ತು ಐದನೆಯ ತಾಸು)

ಇಲ್ಲಿಯೇ ಹೆಚ್ಚಿನವರು ಎಡವುತ್ತಾರೆ, ಆದ್ದರಿಂದ ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ. ಆಡುಮಾತು ತಪ್ಪು, ಗ್ರಾಂಥಿಕ ಸರಿ ಎಂದು ಹೇಳಿದ ಕ್ಷಣಕ್ಕೆ ಹಿಂದಿನ ಎರಡು ತಾಸಿನ ಕೆಲಸ ನಷ್ಟವಾಗುತ್ತದೆ. ಎರಡೂ ಕನ್ನಡವೇ, ಬಳಕೆಯ ಸ್ಥಳ ಬೇರೆ ಎಂದಷ್ಟೇ ಹೇಳಿ, ಬೋರ್ಡನ್ನು ಎರಡು ಭಾಗ ಮಾಡಿ, ಎಡಗಡೆ ವಿದ್ಯಾರ್ಥಿಗಳೇ ಬರೆದ ರೂಪಗಳನ್ನೂ ಬಲಗಡೆ ಅವುಗಳ ಗ್ರಾಂಥಿಕ ರೂಪಗಳನ್ನೂ ಬರೆಯಬೇಕು. ಕಣದಾಗ ಎಂಬುದಕ್ಕೆ ಕಣದಲ್ಲಿ, ಬರಂಗಿಲ್ಲ ಎಂಬುದಕ್ಕೆ ಬರುವುದಿಲ್ಲ, ಬರಾಕತ್ತೈತಿ ಎಂಬುದಕ್ಕೆ ಬರುತ್ತಿದೆ, ಹಾಕ್ಯಾರ ಎಂಬುದಕ್ಕೆ ಹಾಕಿದ್ದಾರೆ. ಮೈಸೂರು, ಮಂಡ್ಯದ ಕಡೆಯ ಕಾಲೇಜಾದರೆ ಪಟ್ಟಿ ಬೇರೆಯಾಗುತ್ತದೆ: ಐತೆ ಎಂಬುದಕ್ಕೆ ಇದೆ, ಓಗ್ಬುಟ್ಟು ಎಂಬುದಕ್ಕೆ ಹೋಗಿಬಿಟ್ಟು, ಬತ್ತೀನಿ ಎಂಬುದಕ್ಕೆ ಬರುತ್ತೇನೆ. ಪಟ್ಟಿಯನ್ನು ಬೇರೆ ಜಿಲ್ಲೆಯ ಸಹೋದ್ಯೋಗಿಯಿಂದ ಎರವಲು ತರಬಾರದು. ಆಯಾ ತರಗತಿಯ ಪುಸ್ತಕಗಳಿಂದಲೇ ಹೆಕ್ಕಬೇಕು.

ಮುಖ್ಯವಾದ ವಿವೇಚನೆ ಇರುವುದು ಯಾವುದನ್ನು ಬದಲಿಸಬೇಕು, ಯಾವುದನ್ನು ಬದಲಿಸಬಾರದು ಎಂಬುದರಲ್ಲಿ. ವಿಭಕ್ತಿ ಪ್ರತ್ಯಯಗಳು ಮತ್ತು ಕ್ರಿಯಾಪದದ ಕೊನೆಗಳು ಗ್ರಾಂಥಿಕ ರೂಪಕ್ಕೆ ಬರಬೇಕು. ವಸ್ತುಗಳ, ಕೆಲಸಗಳ ಹೆಸರುಗಳು ಹಾಗೆಯೇ ಉಳಿಯಬೇಕು. ಕಣ, ತಾಡಪಾಲು, ರಾಶಿ, ಕುಂಟೆ, ಎಡೆ ಹೊಡೆಯುವುದು ಇವೆಲ್ಲ ಬರಹದಲ್ಲಿ ನಿಸ್ಸಂಕೋಚವಾಗಿ ನಿಲ್ಲುವ ಪದಗಳು. ಇವನ್ನು ತೆಗೆದು 'ಕೃಷಿ ಉಪಕರಣ', 'ಕೃಷಿ ಚಟುವಟಿಕೆ' ಎಂದು ಬರೆಯಿಸುವ ಉಪನ್ಯಾಸಕರು ವಿದ್ಯಾರ್ಥಿಯನ್ನು ಮತ್ತೆ ಗೈಡಿನ ಭಾಷೆಗೇ ತಳ್ಳುತ್ತಾರೆ.

ಮೇಲಿನ ವಿದ್ಯಾರ್ಥಿಯ ಬರಹ ಈ ಹಂತ ದಾಟಿದ ಮೇಲೆ ಹೀಗಾಯಿತು: "ಮೆಣಸಿನಕಾಯಿಯನ್ನು ಕಣದಲ್ಲಿ ಹರವಿದ ಮೇಲೆ ಮೋಡವಾಯಿತೆಂದರೆ ಅಪ್ಪನಿಗೆ ನಿದ್ದೆ ಬರುವುದಿಲ್ಲ. ರಾತ್ರಿ ಎದ್ದೆದ್ದು ತಾಡಪಾಲು ಎಳೆಯುತ್ತಾನೆ. ತೊಯ್ದರೆ ಬಣ್ಣ ಹೋಗುತ್ತದೆ, ಪೇಟೆಯಲ್ಲಿ ಅರ್ಧ ದರಕ್ಕೂ ಯಾರೂ ಕೇಳುವುದಿಲ್ಲ." ಇಲ್ಲಿ ಎರಡು ಸಂಗತಿಗಳನ್ನು ಬೋರ್ಡಿನ ಮೇಲೆ ಎತ್ತಿ ತೋರಿಸಬೇಕು. ಒಂದು, 'ಅಪ್ಪ ಎಳೆಯುತ್ತಾನೆ' ಎಂಬುದು ಅಗೌರವವಲ್ಲ. ಮನೆಮಾತಿನಲ್ಲಿ ಏಕವಚನವಿದ್ದರೆ ಬರಹದಲ್ಲಿಯೂ ಇರಬಹುದು, ಆದರೆ ಆರಂಭದಲ್ಲಿ 'ಎಳೆಯುತ್ತಾನೆ' ಎಂದು ಬರೆದು ಮುಂದಿನ ಸಾಲಿನಲ್ಲಿ 'ಹೇಳುತ್ತಾರೆ' ಎಂದು ಬದಲಿಸಬಾರದು. ಎರಡು, 'ಬರಂಗಿಲ್ರಿ' ಎಂಬುದರ ಕೊನೆಯ 'ರಿ' ಕಾಗದದ ಮೇಲೆ ಇಲ್ಲವಾಯಿತು. ಆ 'ರಿ' ಎದುರಿಗೆ ನಿಂತಿದ್ದ ನನಗೆ ಸಲ್ಲಿಸಿದ ಮರ್ಯಾದೆ. ಕಾಗದದ ಎದುರಿಗೆ ಯಾರೂ ನಿಂತಿಲ್ಲ. ಕೇಳುವವರು ಎದುರಿಗಿಲ್ಲ ಎಂದ ಮೇಲೆ, ಎದುರಿಗಿದ್ದವರಿಗೆ ಹೇಳದೆ ಬಿಟ್ಟಿದ್ದನ್ನೆಲ್ಲ ಈಗ ಹೇಳಬೇಕಾಗುತ್ತದೆ: 'ಕಾಯಿ' ಎಂದರೆ ಮೆಣಸಿನಕಾಯಿ, ಕಣ ಇರುವುದು ಹೊಲದಲ್ಲಿ, ಪೇಟೆ ಎಂದರೆ ಬ್ಯಾಡಗಿಯ ಮಾರುಕಟ್ಟೆ. ಬರಹಕ್ಕೂ ಮಾತಿಗೂ ಇರುವ ವ್ಯತ್ಯಾಸವನ್ನು ವಿವರಿಸಲು ನನಗೆ ಈ ಒಂದು ಅಕ್ಷರಕ್ಕಿಂತ ಒಳ್ಳೆಯ ಉದಾಹರಣೆ ಇದುವರೆಗೆ ಸಿಕ್ಕಿಲ್ಲ.

ದಕ್ಷಿಣದ ಜಿಲ್ಲೆಗಳಲ್ಲಿ ಅಕಾರ ಹಕಾರಗಳ ತೊಡಕು ಈ ಹಂತದಲ್ಲಿಯೇ ತಲೆ ಎತ್ತುತ್ತದೆ. ಹಕಾರ ಬಿಡುವವರನ್ನು ಪದೇ ಪದೇ ತಿದ್ದಿದರೆ ಅವರು ಭಯಬಿದ್ದು ಇಲ್ಲದ ಕಡೆಯಲ್ಲೆಲ್ಲ ಹಕಾರ ಸೇರಿಸುತ್ತಾರೆ. 'ಆದರದ ಸ್ವಾಗತ'ಕ್ಕೆ ಹಕಾರ ಸೇರಿಕೊಂಡರೆ ಏನಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತಿರುವ ಹಳೆಯ ನಗೆಮಾತು. ತರಗತಿಯಲ್ಲಿ ಅದನ್ನು ಹೇಳಿ ನಗಿಸುವ ಆಸೆಯನ್ನು ಮಾತ್ರ ತಡೆದುಕೊಳ್ಳಬೇಕು, ಏಕೆಂದರೆ ಆ ತಪ್ಪು ಮಾಡುವ ಹತ್ತು ಮಂದಿ ಅಲ್ಲಿಯೇ ಕುಳಿತಿರುತ್ತಾರೆ.

ಹಂತ 4: ವಾಕ್ಯ ಕಟ್ಟುವುದು (ಆರನೆಯ ತಾಸು)

ವಾಕ್ಯದಲ್ಲಿ ಮೂರು ದೋಷಗಳನ್ನು ಮಾತ್ರ ಹಿಡಿಯಬೇಕು. ವ್ಯಾಕರಣದ ಉಳಿದ ಅಧ್ಯಾಯಗಳನ್ನು ಇಲ್ಲಿಗೆ ಎಳೆದು ತರಬಾರದು.

ಮೊದಲನೆಯದು ಕರ್ತೃವಿಗೂ ಕ್ರಿಯಾಪದಕ್ಕೂ ಹೊಂದಿಕೆ ತಪ್ಪುವುದು. "ರೈತರು ಎದುರಿಸುತ್ತಿದ್ದಾನೆ" ಎಂಬುದು ಅಜ್ಞಾನದಿಂದ ಬಂದ ತಪ್ಪಲ್ಲ. ಮಾತಿನಲ್ಲಿ ಯಾರೂ ಹೀಗೆ ಹೇಳುವುದಿಲ್ಲ. ವಾಕ್ಯ ಕೊನೆ ಮುಟ್ಟುವಷ್ಟರಲ್ಲಿ ಯಾರ ಬಗ್ಗೆ ಹೊರಟಿದ್ದೆವು ಎಂಬುದು ಮರೆತಿರುತ್ತದೆ. ವಾಕ್ಯದ ಮೊದಲ ಪದವನ್ನೂ ಕೊನೆಯ ಪದವನ್ನೂ ಮಾತ್ರ ಬೆರಳಿಟ್ಟು ಗಟ್ಟಿಯಾಗಿ ಓದಿಸಿದರೆ ವಿದ್ಯಾರ್ಥಿಯ ಕಿವಿಯೇ ತಪ್ಪನ್ನು ಹಿಡಿಯುತ್ತದೆ.

ಎರಡನೆಯದು 'ಹೋಗಿ', 'ಬಂದು', 'ಮಾಡಿ' ಮುಂತಾದ ರೂಪಗಳಿಂದ ವಾಕ್ಯಗಳನ್ನು ಜೋಡಿಸುವಾಗ ನಡುವೆ ಕರ್ತೃ ಬದಲಾಗುವುದು. "ಅಪ್ಪ ಸಂತೆಗೆ ಹೋಗಿ ನಾನು ಕಾಲೇಜಿಗೆ ಬಂದೆ" ಎಂಬ ವಾಕ್ಯ ನಿಲ್ಲುವುದಿಲ್ಲ. "ಅಪ್ಪ ಸಂತೆಗೆ ಹೋದ ಮೇಲೆ ನಾನು ಕಾಲೇಜಿಗೆ ಬಂದೆ" ಎಂಬುದು ನಿಲ್ಲುತ್ತದೆ. ಕೆಲಸ ಮಾಡುವವರು ಒಬ್ಬರೇ ಇದ್ದರೆ 'ಹೋಗಿ' ಸಾಕು, ಇನ್ನೊಬ್ಬರು ನಡುವೆ ಬಂದರೆ 'ಹೋದ ಮೇಲೆ', 'ಹೋದಾಗ', 'ಹೋದದ್ದರಿಂದ' ಬೇಕು ಎಂಬ ಸೂತ್ರವನ್ನು ಕೊಟ್ಟು, ಅವರ ಬರಹಗಳಿಂದಲೇ ಹತ್ತು ವಾಕ್ಯಗಳನ್ನು ತಿದ್ದಿಸಬೇಕು. 'ಮಳೆ ಬಂದು ಹೊಳೆ ತುಂಬಿತು' ಎಂಬಲ್ಲಿ ಸೂತ್ರ ಮುರಿಯಿತಲ್ಲ ಎಂದು ಚುರುಕಾದ ವಿದ್ಯಾರ್ಥಿ ಕೇಳಿಯೇ ಕೇಳುತ್ತಾನೆ. ಒಂದರ ನೇರ ಫಲವಾಗಿ ಇನ್ನೊಂದು ನಡೆದಾಗ ಕನ್ನಡ ಈ ಜೋಡಣೆಯನ್ನು ಒಪ್ಪುತ್ತದೆ ಎಂದು ಆಗ ಹೇಳಿದರಾಯಿತು.

ಮೂರನೆಯದು 'ಮತ್ತು' ಎಂಬುದನ್ನು ಎಲ್ಲೆಂದರಲ್ಲಿ ಹಾಕುವುದು ಹಾಗೂ 'ಮಾಡಲ್ಪಟ್ಟಿತು', 'ನೀಡಲ್ಪಟ್ಟಿತು' ಎಂದು ಬರೆಯುವುದು. ಇವೆರಡೂ ಇಂಗ್ಲಿಷಿನಿಂದ ಅನುವಾದಗೊಂಡ ಪಠ್ಯಪುಸ್ತಕಗಳ ಮೂಲಕ ಬಂದ ರೋಗಗಳು. ಒಂದು ಪುಟಕ್ಕೆ ಎರಡಕ್ಕಿಂತ ಹೆಚ್ಚು 'ಮತ್ತು' ಬರುವಂತಿಲ್ಲ ಎಂದು ಒಂದು ವಾರ ನಿಯಮ ಮಾಡಿ ನೋಡಿದರೆ ವಾಕ್ಯಗಳು ತಾವಾಗಿಯೇ ಬೇರೆ ರೀತಿಯಲ್ಲಿ ಕೂಡಿಕೊಳ್ಳುತ್ತವೆ.

ಹಂತ 5: ಪರಿಚ್ಛೇದ ಮಾಡುವುದು (ಏಳನೆಯ ತಾಸು)

ಪರಿಚ್ಛೇದವೆಂದರೆ ಓದುವವರ ಒಂದು ಪ್ರಶ್ನೆಗೆ ಉತ್ತರ ಎಂದು ಹೇಳಿಕೊಟ್ಟರೆ ಸಾಕು. ವಿದ್ಯಾರ್ಥಿ ತನ್ನ ಬರಹವನ್ನು ಪಕ್ಕದವರಿಗೆ ಓದಿ ಹೇಳಬೇಕು. ಕೇಳಿದವರು ಮೂರು ಪ್ರಶ್ನೆಗಳನ್ನು ಬರೆದುಕೊಡಬೇಕು. ಮೆಣಸಿನಕಾಯಿಯ ಬರಹಕ್ಕೆ ಬಂದ ಪ್ರಶ್ನೆಗಳು ಇವು: ಒಣಗಲು ಎಷ್ಟು ದಿನ ಬೇಕು? ತಾಡಪಾಲು ಸ್ವಂತದ್ದೋ ಬಾಡಿಗೆಯದ್ದೋ? ಕಳೆದ ಸಲ ತೊಯ್ದಾಗ ಏನು ಮಾಡಿದಿರಿ? ಒಂದೊಂದಕ್ಕೆ ಐದಾರು ವಾಕ್ಯದ ಉತ್ತರ ಬರೆದರೆ ಮೂರು ಪರಿಚ್ಛೇದಗಳಾದವು.

ಕ್ರಮವನ್ನು ತೋರಿಸಲು ಕತ್ತರಿ ಬೇಕು. ಬರಹವನ್ನು ಇನ್ನೊಂದು ಹಾಳೆಗೆ ನಕಲು ಮಾಡಿಸಿ, ವಾಕ್ಯಕ್ಕೊಂದರಂತೆ ಪಟ್ಟಿಗಳಾಗಿ ಕತ್ತರಿಸಿ, ಕಲಸಿ, ಬೇರೆಯ ಜೋಡಿಗೆ ಕೊಟ್ಟು ಬೆಂಚಿನ ಮೇಲೆ ಹೊಂದಿಸಲು ಹೇಳಬೇಕು. ಎಲ್ಲಿಯೂ ಹೊಂದದೆ ಉಳಿಯುವ ಪಟ್ಟಿಗಳು ಸಾಮಾನ್ಯವಾಗಿ "ಆದ್ದರಿಂದ ಸರ್ಕಾರವು ಸೂಕ್ತ ಕ್ರಮ ಕೈಗೊಳ್ಳಬೇಕು" ಎಂಬ ಜಾತಿಯವು. ಅವನ್ನು ಉಪನ್ಯಾಸಕರು ಹೊಡೆದುಹಾಕುವ ಅಗತ್ಯವೇ ಬೀಳುವುದಿಲ್ಲ. ಫ್ಯಾನು ಹಾಕಿದ್ದರೆ ನಿಲ್ಲಿಸಿರಬೇಕು ಎಂಬುದನ್ನು ಮಾತ್ರ ಮರೆಯಬಾರದು. ನಾನು ಒಮ್ಮೆ ಮರೆತು ಇಪ್ಪತ್ತು ನಿಮಿಷ ಪಟ್ಟಿ ಹೆಕ್ಕುವುದರಲ್ಲಿಯೇ ಕಳೆಯಿತು.

ಹಂತ 6: ಕಾಲೇಜಿನ ಹೊರಗೆ ಹೋಗುವ ಬರಹ (ಎಂಟು ಮತ್ತು ಒಂಬತ್ತನೆಯ ತಾಸು)

ಇಲ್ಲಿಯವರೆಗಿನ ಬರಹವನ್ನು ಓದಿದವರು ಉಪನ್ಯಾಸಕರು ಮತ್ತು ಸಹಪಾಠಿಗಳು. ಈಗ ಬರಹ ಲಕೋಟೆಯೊಳಗೆ ಹೋಗಬೇಕು. ಬಸ್ಸಿನ ವೇಳೆ ಬದಲಿಸುವಂತೆ ಸಾರಿಗೆ ಸಂಸ್ಥೆಯ ಘಟಕ ವ್ಯವಸ್ಥಾಪಕರಿಗೆ, ಬೀದಿದೀಪದ ಬಗ್ಗೆ ಪಂಚಾಯಿತಿಯ ಅಭಿವೃದ್ಧಿ ಅಧಿಕಾರಿಗೆ, ಪತ್ರಿಕೆಯ ಓದುಗರ ಅಂಕಣಕ್ಕೆ ಬರೆಯುವ ಪತ್ರಗಳು ಒಳ್ಳೆಯ ಅಭ್ಯಾಸಗಳು. ಇವರಿಗೆ, ಇವರಿಂದ, ವಿಷಯ, ಮಾನ್ಯರೇ ಎಂಬ ಚೌಕಟ್ಟು ಎಲ್ಲರಿಗೂ ಗೊತ್ತಿರುತ್ತದೆ. ಗೊತ್ತಿಲ್ಲದಿರುವುದು ಆ ಚೌಕಟ್ಟಿನ ಒಳಗೆ ಏನು ಹೇಳಬೇಕು ಎಂಬುದು. "ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ" ಎಂದು ಹೊರಟ ವಾಕ್ಯ ಪತ್ರದ ಕೊನೆಯವರೆಗೂ ಪೂರ್ಣವಿರಾಮ ಕಾಣದೆ ಓಡುತ್ತದೆ, ಮತ್ತು ಯಾವ ಬಸ್ಸು, ಯಾವ ಊರು, ಎಷ್ಟು ಗಂಟೆ ಎಂಬುದು ಎಲ್ಲಿಯೂ ಬರುವುದಿಲ್ಲ. ಆ ಪೀಠಿಕೆಯನ್ನು ಕಿತ್ತುಹಾಕುವ ಹಟ ನನಗಿಲ್ಲ, ಕಚೇರಿಗೆ ಅದು ಪರಿಚಿತವಾದ ಧಾಟಿ. ಅದರ ಬೆನ್ನಿಗೇ ಬೇಡಿಕೆಯನ್ನು ಒಂದು ವಾಕ್ಯದಲ್ಲಿ ಹೇಳಿ ಪೂರ್ಣವಿರಾಮ ಹಾಕಿಸಿದರೆ ಸಾಕು.

ಈ ಹಂತಕ್ಕೆ ಅತ್ಯುತ್ತಮ ಸಾಧನವೆಂದರೆ ಮಾಹಿತಿ ಹಕ್ಕಿನ ಅರ್ಜಿ. 2005ರ ಅಧಿನಿಯಮದ ಅಡಿಯಲ್ಲಿ ಕರ್ನಾಟಕದ ನಿಯಮಗಳು ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು ಮತ್ತು ಸಾಮಾನ್ಯವಾಗಿ 150 ಪದಗಳನ್ನು ಮೀರಬಾರದು ಎನ್ನುತ್ತವೆ. ಬರವಣಿಗೆ ಕಲಿಸುವವರಿಗೆ ಇದಕ್ಕಿಂತ ಒಳ್ಳೆಯ ಮಿತಿಯನ್ನು ಬೇರೆ ಯಾರೂ ಹಾಕಿಕೊಟ್ಟಿಲ್ಲ. ಶುಲ್ಕ 10 ರೂಪಾಯಿ. ಬಡತನ ರೇಖೆಗಿಂತ ಕೆಳಗಿರುವವರಿಗೆ ಅದೂ ಇಲ್ಲ. ಉತ್ತರಕ್ಕೆ 30 ದಿನಗಳ ಗಡುವಿದೆ, ಎಂದರೆ ಎಂಟನೆಯ ವಾರ ಕಳುಹಿಸಿದರೆ ಸೆಮಿಸ್ಟರ್ ಮುಗಿಯುವ ಮೊದಲು ಉತ್ತರವನ್ನು ನಿರೀಕ್ಷಿಸಬಹುದು. 'ಏಕೆ ಮಾಡಿಲ್ಲ' ಎಂದು ಕೇಳಿದರೆ ಅಭಿಪ್ರಾಯ ಕೇಳಿದಂತಾಗಿ ಉತ್ತರ ಸಿಗುವುದಿಲ್ಲ. 'ಮಂಜೂರಾದ ಮೊತ್ತ ಎಷ್ಟು, ಖರ್ಚಾದದ್ದೆಷ್ಟು, ಕಡತದ ಪ್ರತಿ ಕೊಡಿ' ಎಂದು ಕೇಳಿದರೆ ಸಿಗುತ್ತದೆ. ದೂರಿಗೂ ಪ್ರಶ್ನೆಗೂ ಇರುವ ಅಂತರವನ್ನು ವಿದ್ಯಾರ್ಥಿ ಹೀಗೆ ಕಲಿಯುತ್ತಾನೆ.

ಎಚ್ಚರಿಕೆ: ಎಪ್ಪತ್ತು ಮಂದಿಯ ಎಪ್ಪತ್ತು ಅರ್ಜಿಗಳನ್ನು ಒಂದೇ ಕಚೇರಿಗೆ ಕಳುಹಿಸಬಾರದು. ಗುಂಪಿಗೊಂದು ಕಚೇರಿ, ಗುಂಪಿಗೊಂದು ಅರ್ಜಿ ಇರಲಿ. ಅರ್ಜಿಗೆ ಸಹಿ ಮಾಡುವ ವಿದ್ಯಾರ್ಥಿಯ ಮನೆಯವರಿಗೆ ವಿಷಯ ಮೊದಲೇ ತಿಳಿದಿರಬೇಕು. ಸಣ್ಣ ಊರಿನಲ್ಲಿ ಪಂಚಾಯಿತಿಗೆ ಪ್ರಶ್ನೆ ಹಾಕುವುದು ಬರವಣಿಗೆಯ ಅಭ್ಯಾಸವಾಗಿ ಮಾತ್ರ ಉಳಿಯುವುದಿಲ್ಲ. ಯಾರಾದರೂ ಹಿಂಜರಿದರೆ ಬಸ್ಸಿನ ಪತ್ರಕ್ಕೆ ಬದಲಾಯಿಸಿಕೊಳ್ಳಲು ಬಿಡಬೇಕು.

ಹಂತ 7: ಕಾಗುಣಿತ ಮತ್ತು ತಿದ್ದುಪಡಿ (ಹತ್ತು ಮತ್ತು ಹನ್ನೊಂದನೆಯ ತಾಸು)

ಪತ್ರ ಹೊರಗೆ ಹೋಗುತ್ತದೆ ಎಂದು ತಿಳಿದಾಗಲೇ ವಿದ್ಯಾರ್ಥಿಗಳು ತಾವಾಗಿಯೇ "ಇದು ಸರಿ ಇದೆಯೇ ಸರ್" ಎಂದು ಬರತೊಡಗುತ್ತಾರೆ. ಕಾಗುಣಿತಕ್ಕೆ ಸಮಯ ಬಂದಿತೆಂಬುದಕ್ಕೆ ಅದೇ ಗುರುತು. ಪತ್ರಗಳನ್ನು ಆಗಿಂದಾಗ್ಗೆ ತಿದ್ದಿಕೊಟ್ಟು ಕಳುಹಿಸಿ, ಕ್ರಮಬದ್ಧವಾದ ಅಭ್ಯಾಸವನ್ನು ಈ ಎರಡು ತಾಸಿಗೆ ಇಟ್ಟುಕೊಳ್ಳಬೇಕು.

ಒಂದು ತಾಸಿಗೆ ಒಂದೇ ಬಗೆಯ ತಪ್ಪನ್ನು ಹಿಡಿಯಬೇಕು. ಮೊದಲು ಅಲ್ಪಪ್ರಾಣ ಮಹಾಪ್ರಾಣ: ದನಕ್ಕೂ ಧನಕ್ಕೂ ಇರುವ ಅಂತರ ದನ ಸಾಕಿದವರಿಗೆ ಬೇಗ ತಿಳಿಯುತ್ತದೆ. 'ಬಾಷೆ', 'ಗಟನೆ' ಎಂಬಲ್ಲಿ ಮಹಾಪ್ರಾಣ ಬಿಟ್ಟುಹೋಗಿದ್ದರೆ, 'ವಿಧ್ಯಾರ್ಥಿ' ಎಂಬಲ್ಲಿ ಅನಗತ್ಯವಾಗಿ ಸೇರಿಕೊಂಡಿದೆ. ಎರಡನ್ನೂ ಒಟ್ಟಿಗೆ ತೋರಿಸಬೇಕು. ಅನಂತರ ಶ, ಷ, ಸ: 'ಶುಭಾಷಯ' ಎಂದು ಫ್ಲೆಕ್ಸ್ ಬೋರ್ಡುಗಳಲ್ಲಿಯೇ ಅಚ್ಚಾಗಿರುವುದರಿಂದ ಊರಿನ ಬಸ್ ನಿಲ್ದಾಣದ ಸುತ್ತಲಿನ ಬೋರ್ಡುಗಳ ತಪ್ಪುಗಳನ್ನು ಬರೆದುಕೊಂಡು ಬರಲು ಹೇಳಿದರೆ ಪಟ್ಟಿ ಒಂದೇ ದಿನದಲ್ಲಿ ತುಂಬುತ್ತದೆ. ತಮ್ಮ ತಪ್ಪಿಗಿಂತ ಇತರರ ತಪ್ಪು ಬೇಗ ಕಾಣುವುದು ಇಲ್ಲಿ ಪ್ರಯೋಜನಕ್ಕೆ ಬರುತ್ತದೆ.

ತಿದ್ದುವವರ ಶ್ರಮದ ಲೆಕ್ಕವನ್ನೂ ಹಾಕಿಕೊಳ್ಳಬೇಕು. ಎಪ್ಪತ್ತು ಪುಸ್ತಕಗಳಿಗೆ ತಲಾ ಆರು ನಿಮಿಷವೆಂದರೆ ಏಳು ತಾಸು. ಎರಡು ಕಾಲೇಜುಗಳ ನಡುವೆ ಓಡಾಡುವ ಅತಿಥಿ ಉಪನ್ಯಾಸಕರಿಗೆ ಇದು ಅಸಾಧ್ಯ. ಆದ್ದರಿಂದ ವಾರಕ್ಕೆ ಹದಿನಾಲ್ಕು ಪುಸ್ತಕಗಳನ್ನು ಮಾತ್ರ ಕೂಲಂಕಷವಾಗಿ ಓದಿ, ಉಳಿದವುಗಳ ಮೇಲೆ ಕಣ್ಣಾಡಿಸಿ ದಿನಾಂಕ ಹಾಕಬೇಕು. ಐದು ವಾರಕ್ಕೆ ಎಲ್ಲರ ಸರದಿ ಬರುತ್ತದೆ. ತಪ್ಪಿದ್ದ ಸಾಲಿನ ಅಂಚಿನಲ್ಲಿ ಪೆನ್ಸಿಲಿನಿಂದ ಒಂದು ಚುಕ್ಕೆ ಇಟ್ಟರೆ ಸಾಕು. ಯಾವುದು ತಪ್ಪೆಂದು ಹುಡುಕಿ, ನಿಘಂಟು ನೋಡಿ, ಎಡಪುಟದಲ್ಲಿ ಸರಿಯಾಗಿ ಬರೆಯುವುದು ವಿದ್ಯಾರ್ಥಿಯ ಕೆಲಸ. ಎಡಪುಟಗಳು ಖಾಲಿಯಾಗಿಯೇ ಉಳಿದಿದ್ದರೆ ಚುಕ್ಕೆಗಳು ವ್ಯರ್ಥವಾಗುತ್ತಿವೆ ಎಂದು ತಿಳಿದು, ತರಗತಿಯಲ್ಲಿಯೇ ಹತ್ತು ನಿಮಿಷ ಅದಕ್ಕೆಂದು ಬಿಡಬೇಕು.

ನಕಲು ಮತ್ತು ಮೊಬೈಲಿನ ಬರಹ

ಆಂತರಿಕ ಮೌಲ್ಯಮಾಪನಕ್ಕೆಂದು ಮನೆಯಲ್ಲಿ ಬರೆದು ತರಲು ಹೇಳಿದ ದಿನವೇ ನಕಲು ಶುರುವಾಗುತ್ತದೆ. ಈಗ ಗೈಡಿನ ಜಾಗಕ್ಕೆ ಮೊಬೈಲು ಬಂದಿದೆ. ಯಂತ್ರ ಬರೆದುಕೊಟ್ಟ ಕನ್ನಡದ ಗುರುತುಗಳು ಕಷ್ಟವಲ್ಲ: ಕಾಗುಣಿತದ ತಪ್ಪೇ ಇರುವುದಿಲ್ಲ, ಊರಿನ ಹೆಸರಿರುವುದಿಲ್ಲ, ಎಲ್ಲ ಪರಿಚ್ಛೇದಗಳೂ ಒಂದೇ ಅಳತೆಯಲ್ಲಿರುತ್ತವೆ, 'ಮಹತ್ವದ ಪಾತ್ರ ವಹಿಸುತ್ತದೆ' ಎಂಬುದು ಎರಡು ಸಲವಾದರೂ ಬಂದಿರುತ್ತದೆ. ಆದರೆ ಪತ್ತೆದಾರಿಕೆಗೆ ಇಳಿಯುವುದರಿಂದ ಲಾಭವಿಲ್ಲ, ತಪ್ಪು ಊಹೆಯಿಂದ ಒಬ್ಬ ಪ್ರಾಮಾಣಿಕ ವಿದ್ಯಾರ್ಥಿಯನ್ನು ನೋಯಿಸುವ ಅಪಾಯವೂ ಇದೆ. ಬರವಣಿಗೆ ತರಗತಿಯಲ್ಲಿಯೇ ನಡೆಯಲಿ, ಪುಸ್ತಕ ಕಾಲೇಜಿನಲ್ಲಿಯೇ ಉಳಿಯಲಿ, ಪ್ರಶ್ನೆ ವಿದ್ಯಾರ್ಥಿಯ ಕಣ್ಣಮುಂದಿನದಾಗಿರಲಿ. ಸಂಶಯವಿದ್ದರೆ, ಬರೆದದ್ದರಲ್ಲಿ ಒಂದು ವಾಕ್ಯವನ್ನು ಬಾಯಿಯಲ್ಲಿ ವಿವರಿಸಲು ಕೇಳಿದರೆ ಸಾಕಾಗುತ್ತದೆ.

ಹಂತ 8: ಪರೀಕ್ಷೆಗೆ ಜೋಡಿಸುವುದು ಮತ್ತು ಮೊದಲ ಪ್ರಶ್ನೆಗೆ ಮರಳುವುದು (ಕೊನೆಯ ತಾಸು)

ಇದೆಲ್ಲ ಪರೀಕ್ಷೆಗೆ ಬರುತ್ತದೆಯೇ ಎಂಬ ಪ್ರಶ್ನೆ ಏಳುವುದು ಸಹಜ, ಅದನ್ನು ತಳ್ಳಿಹಾಕಬಾರದು. ಹತ್ತು ಅಂಕದ ಪ್ರಶ್ನೆಯನ್ನು ಹಂತ 5ರ ರೀತಿಯಲ್ಲಿ ಮೂರು ಉಪಪ್ರಶ್ನೆಗಳಾಗಿ ಒಡೆದು ಉತ್ತರಿಸುವುದನ್ನು ಒಮ್ಮೆ ಬೋರ್ಡಿನ ಮೇಲೆ ಮಾಡಿ ತೋರಿಸಬೇಕು. ಕರ್ನಾಟಕ ಲೋಕಸೇವಾ ಆಯೋಗದ ಗೆಜೆಟೆಡ್ ಪ್ರೊಬೇಷನರಿ ಮುಖ್ಯ ಪರೀಕ್ಷೆಯಲ್ಲಿ ಕನ್ನಡದ ಕಡ್ಡಾಯ ಪತ್ರಿಕೆಯೂ ಪ್ರತ್ಯೇಕ ಪ್ರಬಂಧ ಪತ್ರಿಕೆಯೂ ಇರುವುದನ್ನು ಹೇಳಿದರೆ, ಸ್ಪರ್ಧಾತ್ಮಕ ಪರೀಕ್ಷೆಯ ಕನಸಿರುವವರು ಕಿವಿ ನಿಮಿರಿಸುತ್ತಾರೆ.

ತಾಸಿನ ಉಳಿದ ಇಪ್ಪತ್ತು ನಿಮಿಷದಲ್ಲಿ ಮೊದಲ ದಿನದ ಪ್ರಶ್ನೆಯನ್ನೇ, ಅದೇ ಪದಗಳಲ್ಲಿ, ಮತ್ತೆ ಬೋರ್ಡಿನ ಮೇಲೆ ಬರೆಯಬೇಕು: ಈ ದಿನ ಬೆಳಿಗ್ಗೆ ಎದ್ದಾಗಿನಿಂದ ಕಾಲೇಜಿನ ಗೇಟು ದಾಟುವವರೆಗೆ ಏನೇನಾಯಿತು. ಬರೆದು ಮುಗಿದ ಮೇಲೆ ಪುಸ್ತಕದ ಮೊದಲ ಪುಟವನ್ನು ತೆರೆಸಿ, ಎರಡನ್ನೂ ಪಕ್ಕದಲ್ಲಿಟ್ಟು ಓದಲು ಹೇಳಿ, ಉಪನ್ಯಾಸಕರು ಏನನ್ನೂ ಹೇಳದೆ ಇರುವುದು ಒಳ್ಳೆಯದು. ಎರಡನೆಯ ಬರಹವೂ "ಮುಂಜಾನೆ ಬೇಗ ಏಳುವುದು ಆರೋಗ್ಯಕ್ಕೆ ಒಳ್ಳೆಯದು" ಎಂದೇ ಆರಂಭವಾಗಿರುವ ನಾಲ್ಕೈದು ಪುಸ್ತಕಗಳು ಎಲ್ಲ ತರಗತಿಗಳಲ್ಲಿಯೂ ಸಿಗುತ್ತವೆ. ಅವರ ಹೆಸರುಗಳನ್ನು ಬರೆದಿಟ್ಟುಕೊಂಡು, ಮುಂದಿನ ಸೆಮಿಸ್ಟರಿನ ಮೊದಲ ವಾರ ಅವರನ್ನು ಹಂತ 2ಕ್ಕೆ, ಈ ಸಲ ಬೇರೆ ಜೊತೆಗಾರರೊಂದಿಗೆ, ಕೂರಿಸಬೇಕು.